ಎಂ.ಟೆಕ್, ಪಿಎಚ್‌.ಡಿ ಮಾಡಿದ ಅಕ್ಕಂದಿರೇ, ನಿಜ ಹೇಳಿ, ಯಾಕೆ ಮಾಡಿದಿರಿ?

ಚನ್ನಪಟ್ಟಣದ_ಗೊಂಬೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಟೀ ಹಿಡ್ಕೊಂಡು ಓದಿ.

ನನಗೆ 28. ಬಿಇ ಓದಿದ್ದು ಎಲೆಕ್ಟ್ರಾನಿಕ್ಸ್, ಸಿಕ್ಕಿದ್ದು ಸಾಫ್ಟ್‌ವೇರ್ ಟೆಸ್ಟಿಂಗ್. ಆರು ವರ್ಷದಿಂದ ಬೆಂಗಳೂರಿನಲ್ಲಿ ಇದೇ ಕೆಲಸ. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು, ಹುಡುಕಿಕೊಟ್ಟ ಮೇಲೆ ಅವರ ಮುಖ ಗಂಟು ಹಾಕಿಕೊಂಡಿದ್ದನ್ನು ನೋಡುವುದು. ಸಂಬಳಕ್ಕೇನೂ ಮೋಸವಿಲ್ಲ. ಹೋದ ವರ್ಷದ ಹಿಂದಿನ ವರ್ಷ ಸುಮ್ನೆ ಒಂದು ಹಠಕ್ಕೆ ಗೇಟ್ (ಎಂ.ಟೆಕ್ ಪ್ರವೇಶ ಪರೀಕ್ಷೆ) ಬರೆದೆ, ಸ್ಕೋರ್ ಚೆನ್ನಾಗಿಯೇ ಬಂತು. ಆಗ ಸೇರಲಿಲ್ಲ. ತಮ್ಮನ ಫೀಸು, ಅಪ್ಪನ ಕಣ್ಣಿನ ಆಪರೇಷನ್ ಎಲ್ಲ ಒಟ್ಟಿಗೆ ಬಂದಿತ್ತು. ಗೇಟ್ ಸ್ಕೋರ್ ನಡೆಯುವುದು ಮೂರೇ ವರ್ಷ. ಈ ಸಲ ಸೇರದಿದ್ದರೆ ಅದು ರದ್ದಿ ಕಾಗದ.

ಸೇರಬೇಕು ಅಂತ ಮನಸ್ಸು ಹೇಳುತ್ತಿದೆ. ಆದರೆ ಯಾಕೆ ಅಂತ ಕೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡುತ್ತಿದ್ದೇನೆ. ಮ್ಯಾನೇಜರ್‌ಗೆ ಹೇಳಿದ್ದು, ಚಿಪ್ ಡಿಸೈನ್ ಕಲಿಯಬೇಕು ಸರ್ ಅಂತ. ಅಮ್ಮನಿಗೆ ಹೇಳಿದ್ದು, ಲೆಕ್ಚರರ್ ಆಗಬಹುದಮ್ಮ, ಬೇಗ ಮನೆಗೆ ಬರಬಹುದು ಅಂತ. ರೂಮ್‌ಮೇಟ್‌ಗೆ ರಾತ್ರಿ ಹನ್ನೊಂದಕ್ಕೆ ಹೇಳಿದ್ದು, ಎರಡು ವರ್ಷ ಯಾರೂ ನನಗೆ ಗಂಡು ತೋರಿಸದೆ ಇದ್ದರೆ ಸಾಕು ಕಣೇ ಅಂತ. ಮೂರೂ ಸುಳ್ಳಲ್ಲ. ಮೂರೂ ಪೂರ್ತಿ ನಿಜವೂ ಅಲ್ಲ.

ಸ್ಟೈಪೆಂಡ್ ತಿಂಗಳಿಗೆ 12,400. ಈಗ ಪಿಜಿಗೇ 11,000 ಕೊಡುತ್ತಿದ್ದೇನೆ (ಪೇಯಿಂಗ್ ಗೆಸ್ಟ್ ಪಿಜಿ ಮಾರಾಯ್ರೇ, ಪೋಸ್ಟ್ ಗ್ರಾಜುಯೇಷನ್ ಅಲ್ಲ). ನಮ್ಮತ್ತೆ ಆಗಲೇ ಶುರು ಮಾಡಿದ್ದಾರೆ, ಇನ್ನೂ ಓದಿದರೆ ಅದಕ್ಕಿಂತ ಜಾಸ್ತಿ ಓದಿದ ಗಂಡನ್ನು ಎಲ್ಲಿಂದ ತರೋದು ಅಂತ.

ಬರೀ "ಆಲ್ ದಿ ಬೆಸ್ಟ್" ಹಾಕಬೇಡಿ ದಯವಿಟ್ಟು. ನೀವು ಯಾಕೆ ಮಾಡಿದಿರಿ, ಮಾಡಿದ ಮೇಲೆ ಏನಾಯಿತು, ಅಷ್ಟು ಬರೆಯಿರಿ.

ಲೇಔಟ್_ಲಕ್ಷ್ಮಿ:

ನಿನ್ನ ಕಥೆ ನನ್ನದೇ, ಹನ್ನೊಂದು ವರ್ಷ ಹಳೆಯದು ಅಷ್ಟೆ. ನಾನೂ ಎಲೆಕ್ಟ್ರಾನಿಕ್ಸ್ ಓದಿ ಕಸ್ಟಮರ್ ಸಪೋರ್ಟ್‌ನಲ್ಲಿದ್ದೆ, ರಾತ್ರಿ ಪಾಳಿ. ಚಿಪ್ ಕಂಪನಿಗಳಿಗೆ ಅರ್ಜಿ ಹಾಕಿ ಹಾಕಿ ಸಾಕಾಯಿತು, ಯಾರೂ ಉತ್ತರವನ್ನೇ ಕೊಡುತ್ತಿರಲಿಲ್ಲ. ಕೊನೆಗೆ ಒಬ್ಬಳು ಎಚ್‌ಆರ್, ಪುಣ್ಯಾತ್ಗಿತ್ತಿ, ಫೋನಿನಲ್ಲಿ ಬಿಡಿಸಿ ಹೇಳಿದಳು. ಬಿಇ ಆದವರನ್ನು ಕ್ಯಾಂಪಸ್‌ನಿಂದ ಮಾತ್ರ ತಗೋತೀವಿ, ಆಚೆಯಿಂದ ಬರುವವರಿಗೆ ಎಂ.ಟೆಕ್ ಇಲ್ಲದಿದ್ದರೆ ರೆಸ್ಯೂಮೆ ನಮ್ಮ ಕೈಗೇ ಬರೋದಿಲ್ಲ ಅಂತ. ನನ್ನ ಕಾರಣ ಅವತ್ತು ಸಿಕ್ಕಿತು. ಜ್ಞಾನದಾಹ ಗೀನದಾಹ ಏನೂ ಇರಲಿಲ್ಲ. ಬಾಗಿಲಿಗೆ ಒಂದು ಬೀಗ ಇತ್ತು, ಬೀಗದಕೈ ಬೇಕಿತ್ತು.

ಆದರೆ ಒಳಗೆ ಹೋದ ಮೇಲೆ ಬೇರೆಯೇ ಆಯಿತು. ನಮ್ಮ ಲ್ಯಾಬಿನಲ್ಲಿ ಸಾಫ್ಟ್‌ವೇರ್ ಲೈಸೆನ್ಸ್ ಹತ್ತು, ನಾವು ಮೂವತ್ತು ಜನ. ಹಗಲು ಹೊತ್ತು ಸಿಗುತ್ತಲೇ ಇರಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಸ್ವೆಟರ್ ಹಾಕಿಕೊಂಡು ಹೋಗಿ ಕೂರುತ್ತಿದ್ದೆ. ಒಂದು ಆಂಪ್ಲಿಫೈಯರ್ ಮಾಡಿದ್ದೆ, ಅದು ನೆಟ್ಟಗೆ ನಿಲ್ಲುತ್ತಲೇ ಇರಲಿಲ್ಲ. ಫೇಸ್ ಮಾರ್ಜಿನ್ (ಸರ್ಕ್ಯೂಟ್ ಎಷ್ಟು ಸ್ಥಿರ ಅಂತ ಹೇಳುವ ಅಳತೆ) 30 ಡಿಗ್ರಿಯ ಹತ್ತಿರ ಒದ್ದಾಡುತ್ತಿತ್ತು, ಇನ್‌ಪುಟ್ ಸ್ವಲ್ಪ ಅಲ್ಲಾಡಿದರೂ ಔಟ್‌ಪುಟ್ ತೊಟ್ಟಿಲ ಹಾಗೆ ತೂಗುತ್ತಿತ್ತು. ಒಂದು ಕೆಪಾಸಿಟರ್ ಜೊತೆಗೆ ಒಂದು ರೆಸಿಸ್ಟರ್ ಸೇರಿಸಿ, ಅದರ ಬೆಲೆಯನ್ನು ಮೂರು ವಾರ ಬದಲಾಯಿಸಿ ಬದಲಾಯಿಸಿ, ಒಂದು ದಿನ ಬೆಳಿಗ್ಗೆ 60 ದಾಟಿತು. ಲ್ಯಾಬಿನಲ್ಲಿ ನಾನು ಮತ್ತು ಸೆಕ್ಯುರಿಟಿ ಅಣ್ಣ ಇಬ್ಬರೇ. ಅವರಿಗೇ ತೋರಿಸಿದೆ. "ಒಳ್ಳೇದಾಯ್ತು ಬುಡಮ್ಮ" ಅಂದರು. ಆರು ವರ್ಷ ಗ್ರಾಹಕರ ದೂರಿನ ಟಿಕೆಟ್ ಮುಚ್ಚಿದವಳಿಗೆ ಇದು ಗೊತ್ತೇ ಇರಲಿಲ್ಲ, ಕೆಲಸದಲ್ಲಿ ಹೀಗೂ ಖುಷಿ ಇರುತ್ತದೆ ಅಂತ.

ಎರಡನೇ ವರ್ಷದ ಪ್ರಾಜೆಕ್ಟನ್ನು ಒಂದು ಕಂಪನಿಯಲ್ಲಿ ಇಂಟರ್ನ್‌ಶಿಪ್ ಮಾಡಿ ಮುಗಿಸಿದೆ, ಅಲ್ಲೇ ಕೆಲಸ ಆಯಿತು. ಈಗಲೂ ಇದೇ ಫೀಲ್ಡು.

ದುಡ್ಡಿನ ವಿಷಯ. 12,400ನ್ನು 24 ತಿಂಗಳಿಗೆ ಗುಣಿಸಿದರೆ 2,97,600. ಎರಡು ವರ್ಷಕ್ಕೆ ಅಷ್ಟೇ. ಅದೂ ಸುಮ್ನೆ ಕೊಡೋದಿಲ್ಲ, ವಾರಕ್ಕೆ ಎಂಟು ಗಂಟೆ ಜೂನಿಯರ್‌ಗಳ ಲ್ಯಾಬ್, ಪೇಪರ್ ತಿದ್ದುವುದು ಅದೂ ಇದೂ ಇರುತ್ತದೆ. ಹಾಸ್ಟೆಲ್, ಮೆಸ್ಸು ಕಳೆದರೆ ಕೈಯಲ್ಲಿ ಉಳಿಯುವುದು ಚಪ್ಪಲಿ ಮತ್ತು ಚಾಟ್ಸ್ ದುಡ್ಡು. ಮನೆಗೆ ಕಳಿಸಬೇಕಾದ್ದು ಇದ್ದರೆ ಈಗಲೇ ಒಂದು ವರ್ಷದ್ದು ತೆಗೆದಿಡು.

ಇನ್ನೊಂದು, ಎಂ.ಟೆಕ್ ಆದರೆ ಮೀಟಿಂಗಿನಲ್ಲಿ ಮರ್ಯಾದೆ ಜಾಸ್ತಿ ಆಗುತ್ತದೆ ಅಂತ ಅಂದುಕೊಂಡು ಹೋಗಬೇಡ. ಮೊನ್ನೆ ಕೂಡ ಎಂಟು ಜನರ ಮೀಟಿಂಗಿನಲ್ಲಿ ನೋಟ್ಸ್ ಬರೆದುಕೊಳ್ಳಿ ಅಂತ ಹೇಳಿದ್ದು ನನಗೇ.

ಬೈಕ್_ಬಸವ:

ಹುಡುಗ ಅಂತ ಬೈಬೇಡಿ. ಪ್ರಾಮಾಣಿಕವಾಗಿ ಕೇಳುತ್ತಿದ್ದೇನೆ. ಎರಡು ವರ್ಷದ ಸಂಬಳ ಬಿಟ್ಟು, ಇಂಕ್ರಿಮೆಂಟ್ ಬಿಟ್ಟು, ಮತ್ತೆ ಫ್ರೆಶರ್ ಹಾಗೆ ಕ್ಯೂ ನಿಲ್ಲುವುದು ಯಾಕೆ? ನಾನು ಬಿಇ ಮೇಲೇ ಟೆಸ್ಟಿಂಗ್‌ನಿಂದ ಡೆವಲಪ್‌ಮೆಂಟ್‌ಗೆ ಬಂದೆ. ಆನ್‌ಲೈನ್ ಕೋರ್ಸ್ ಮಾಡಿದೆ, ಪಕ್ಕದ ಟೀಮಿನ ಲೀಡ್‌ಗೆ ಹೇಳಿದೆ, ಆರು ತಿಂಗಳಲ್ಲಿ ಆಯಿತು. ಕೆಲಸ ಬಿಡಲೇಬಾರದು ಅಂತಿದ್ದರೆ ಬಿಟ್ಸ್ ಪಿಲಾನಿಯವರ ವಾರಾಂತ್ಯದ ಎಂ.ಟೆಕ್ ಇದೆಯಲ್ಲ.

ಲೇಔಟ್_ಲಕ್ಷ್ಮಿ:

ಬಸವಣ್ಣ, ಬೈಯಲ್ಲ. ಒಂದೇ ಪ್ರಶ್ನೆ. ಆ ಪಕ್ಕದ ಟೀಮಿನ ಲೀಡ್‌ಗೆ ಎಲ್ಲಿ ಹೇಳಿದಿರಿ?

ಬೈಕ್_ಬಸವ:

ಆಫೀಸ್ ಕೆಳಗೆ ಟೀ ಅಂಗಡಿಯಲ್ಲಿ. ಯಾಕೆ?

ಲೇಔಟ್_ಲಕ್ಷ್ಮಿ:

ಅದಕ್ಕೇ. ಆ ಟೀ ಅಂಗಡಿ ಮುಂದೆ ಸಂಜೆ ಏಳಕ್ಕೆ ಸಿಗರೇಟು ಹಿಡಿದು ನಿಂತವರ ಮಧ್ಯೆ ಎಷ್ಟು ಜನ ಹುಡುಗಿಯರನ್ನು ನೋಡಿದ್ದೀರಿ? ಏಳಕ್ಕೆ ನಾವು ಕ್ಯಾಬ್ ಹಿಡಿಯಲು ಓಡುತ್ತಿರುತ್ತೇವೆ. ನಿಮಗೆ ಟೀ ಅಂಗಡಿಯಲ್ಲಿ ಸಿಕ್ಕಿದ ಭರವಸೆ, "ಹುಡುಗ ಮಾಡ್ತಾನೆ ಬಿಡು" ಅನ್ನುವ ಆ ಒಂದು ಮಾತು, ನಮಗೆ ಸರ್ಟಿಫಿಕೇಟ್ ಮೇಲೆ ಸೀಲ್ ಹಾಕಿಸಿಕೊಂಡು ಬಂದರೆ ಮಾತ್ರ ಸಿಗುತ್ತದೆ. ಎಲ್ಲ ಕಡೆ ಹೀಗೇ ಅಂತ ಹೇಳೋದಿಲ್ಲ, ನಾನು ಕಂಡ ಮೂರು ಆಫೀಸಿನಲ್ಲಿ ಹೀಗೇ.

ವಾರಾಂತ್ಯದ ಎಂ.ಟೆಕ್ ಪ್ರಮೋಷನ್‌ಗೆ ಒಳ್ಳೆಯದು, ಇದೇ ಕಂಪನಿಯಲ್ಲಿ ಮೇಲೆ ಹತ್ತುವವರಿಗೆ. ಹಳಿಯನ್ನೇ ಬದಲಾಯಿಸಬೇಕು ಅನ್ನುವವರಿಗೆ ಲ್ಯಾಬೂ ಇಂಟರ್ನ್‌ಶಿಪ್ಪೂ ಬೇಕು.

ಬೈಕ್_ಬಸವ:

ಹಾಗೆ ಯೋಚನೆ ಮಾಡಿರಲಿಲ್ಲ. ಆದರೂ ಲೆಕ್ಕ ಹಾಕಿಯೇ ಹೋಗಲಿ.

ಧಾರವಾಡ_ಪೇಡೆ:

ತಂಗಿ, ನಿನ್ನ ಮೂರನೇ ಉತ್ತರದ ಮ್ಯಾಲೆ ನಾನು ಮಾತಾಡತೀನಿ, ಯಾಕಂದ್ರ ಅದನ್ನ ಯಾರೂ ಬಾಯಿಬಿಟ್ಟು ಹೇಳೂದಿಲ್ಲ. (ನನ್ನ ಭಾಷೆ ಹಿಂಗ, ಆದರೆ ಉದ್ದ ಬರೆಯಬೇಕಾದಾಗ ಪುಸ್ತಕದ್ದೇ ಬರುತ್ತದೆ, ಮಾಸ್ತರಿಕೆಯ ಚಟ.)

ನಾನು ಕೆಮಿಸ್ಟ್ರಿ ಎಂಎಸ್ಸಿ ಮುಗಿಸಿದಾಗ 22. ಮನೆಯಲ್ಲಿ ಮೂವರು ಹೆಣ್ಣುಮಕ್ಕಳು, ನಾನು ನಡುವಿನವಳು. ಅಕ್ಕನ ಮದುವೆ ಆದ ಮರುವಾರವೇ ನನ್ನ ಫೋಟೋ ಊರೂರು ತಿರುಗಲು ಶುರುವಾಯಿತು. ಕೆಲಸ ಮಾಡುತ್ತಿದ್ದೇನೆ ಅಂದರೆ, ಮದುವೆ ಆದ ಮೇಲೂ ಮಾಡಬಹುದಲ್ಲ ಅನ್ನುತ್ತಾರೆ. ಓದುತ್ತಿದ್ದೇನೆ ಅಂದರೆ ಮಾತ್ರ ಬೀಗರು ಬಾಯಿ ಮುಚ್ಚುತ್ತಾರೆ. "ಹುಡುಗಿ ಓದಾಕತ್ತಾಳ್ರೀ" ಅನ್ನುವ ಮಾತಿಗೆ ನಮ್ಮ ಕಡೆ ಇನ್ನೂ ಬೆಲೆ ಇದೆ. ಅದನ್ನು ನಾನು ಕೊಡೆಯ ಹಾಗೆ ಹಿಡಿದುಕೊಂಡು ಪಿಎಚ್‌.ಡಿ ಸೇರಿದೆ. ಅಪ್ಪನಿಗೆ ಗೊತ್ತಿತ್ತು ಅಂತ ಈಗ ಅನಿಸುತ್ತದೆ. ಅರ್ಜಿಗೆ ಸಹಿ ಹಾಕುವಾಗ ಏನೂ ಕೇಳಲಿಲ್ಲ.

ಸಂದರ್ಶನದಲ್ಲಿ ಕೇಳಿದ ಮೊದಲ ಪ್ರಶ್ನೆ ಕೆಮಿಸ್ಟ್ರಿಯದಲ್ಲ. ನಡುವೆ ಮದುವೆ ಆದರೆ ಏನು ಮಾಡುತ್ತೀರಿ ಅಂತ. ನನ್ನ ಹಿಂದೆ ನಿಂತಿದ್ದ ಹುಡುಗನಿಗೂ ಮುಂದಿನ ತಿಂಗಳೇ ಮದುವೆ ಇತ್ತು, ಅವನಿಗೆ ಯಾರೂ ಕೇಳಲಿಲ್ಲ. ಆಗ ನನಗೆ ಜೀವರಸಾಯನ ವಿಜ್ಞಾನಿ ಕಮಲಾ ಸೋಹನಿಯವರ ಕಥೆ ಗೊತ್ತಿರಲಿಲ್ಲ. 1933ರಲ್ಲಿ ಅವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ (ಈಗಿನ ಐಐಎಸ್‌ಸಿ) ಸೀಟು ಕೇಳಿದರೆ ಹೆಂಗಸು ಅಂತಲೇ ಸಿ.ವಿ. ರಾಮನ್ ಬೇಡ ಅಂದಿದ್ದರು. ಹಠ ಹಿಡಿದು ಒಂದು ವರ್ಷ ಪರೀಕ್ಷೆಗೆ ಇಟ್ಟವರ ಹಾಗೆ ಇದ್ದು, ಕೆಲಸ ತೋರಿಸಿ, ಆಮೇಲೆ ರೆಗ್ಯುಲರ್ ಆದರು. 1939ರಲ್ಲಿ ಕೇಂಬ್ರಿಜ್‌ನಲ್ಲಿ ಪಿಎಚ್‌.ಡಿ. ಅವರ ಕೆಲಸ ನೋಡಿದ ಮೇಲೆ ರಾಮನ್ ಅವರೇ ಹೆಂಗಸರನ್ನು ಸೇರಿಸಿಕೊಳ್ಳಲು ಶುರು ಮಾಡಿದರು. ನೊಬೆಲ್ ಬಂದವರಿಗೂ ತೋರಿಸಿಯೇ ನಂಬಿಸಬೇಕಾಯಿತು ನೋಡ್ರಿ.

ಇರಲಿ. ಮದುವೆ ತಪ್ಪಿಸಲು ಹೋದವಳು ಅಲ್ಲಿ ಸಿಕ್ಕಿಬಿದ್ದೆ. ಸಿಲಿಕಾ ತುಂಬಿದ ಗಾಜಿನ ಕೊಳವೆ ಎದುರು ಹಗಲೆಲ್ಲ ನಿಂತು, ಹನಿ ಹನಿ ಬರುವುದನ್ನು ಒಂದೊಂದು ಟೆಸ್ಟ್‌ಟ್ಯೂಬಿನಲ್ಲಿ ಹಿಡಿಯುವುದು, ಸಂಜೆ ಆ ಹನಿ ಇಟ್ಟ ಪ್ಲೇಟನ್ನು ಯುವಿ ದೀಪದ ಕೆಳಗೆ ಇಟ್ಟು ನೋಡುವುದು. ಎರಡು ಚುಕ್ಕೆ ಕಂಡರೆ ಇನ್ನೂ ಬೆರಕೆ ಇದೆ ಅಂತ. ಒಂದೇ ಚುಕ್ಕೆ ಕಂಡರೆ ಶುದ್ಧ. ನನಗೆ ಮೊದಲ ಸಲ ಒಂದೇ ಚುಕ್ಕೆ ಕಂಡದ್ದು ಹದಿನಾಲ್ಕನೇ ತಿಂಗಳಲ್ಲಿ. ಆವತ್ತು ಲೈನ್ ಬಜಾರಿನಿಂದ ಅರ್ಧ ಕಿಲೋ ಪೇಡೆ ತಂದು ಇಡೀ ಡಿಪಾರ್ಟ್‌ಮೆಂಟಿಗೆ ಹಂಚಿದ್ದೇನೆ, ಅದಕ್ಕೇ ಈ ಹೆಸರು.

ಕೊಡೆಗೂ ಒಂದು ಬೆಲೆ ಇದೆ ತಂಗಿ, ಅದನ್ನೂ ಹೇಳುತ್ತೇನೆ. ಮೂರು ವರ್ಷ ಅಂದುಕೊಂಡದ್ದು ಆರಾಯಿತು. ಹೊರಗೆ ಬಂದಾಗ ಮಳೆ ನಿಂತಿರಲಿಲ್ಲ, ಇನ್ನೂ ಜೋರಾಗಿತ್ತು. ವಯಸ್ಸಾಯಿತು, ಜಾಸ್ತಿ ಓದಿದಳು, ಎರಡೂ ಸೇರಿತು. ನಿಮ್ಮತ್ತೆ ಹೇಳಿದ್ದು ಪೂರ್ತಿ ಸುಳ್ಳಲ್ಲ. ನಾನು 31ಕ್ಕೆ ಮದುವೆಯಾದೆ, ನನಗೆ ಬೇಕಾದವರನ್ನು. ಆ ಒಂಬತ್ತು ವರ್ಷ ನನ್ನ ಅವ್ವ ಮದುವೆ ಮನೆಗಳಲ್ಲಿ ಏನೇನು ಕೇಳಿಸಿಕೊಂಡಳೋ, ನನಗೆ ಒಂದು ದಿನವೂ ಹೇಳಲಿಲ್ಲ.

ಈಗಿನವರಿಗೆ ನಿಯಮಗಳು ಸ್ವಲ್ಪ ಹಗುರಾಗಿವೆ. ಯುಜಿಸಿಯ 2022ರ ನಿಯಮದಲ್ಲಿ ಪಿಎಚ್‌.ಡಿ ಮಾಡುವ ಹೆಂಗಸರಿಗೆ ಹೆರಿಗೆ ಅಥವಾ ಮಗುವಿನ ಆರೈಕೆಗೆ 240 ದಿನದವರೆಗೆ ರಜೆ ಇದೆ, ಮುಗಿಸಲು ಬೇರೆಯವರಿಗಿಂತ ಎರಡು ವರ್ಷ ಜಾಸ್ತಿಯೂ ಸಿಗುತ್ತದೆ. ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್ ಪರೀಕ್ಷೆ) ಪಾಸಾದರೆ 2023ರಿಂದ ತಿಂಗಳಿಗೆ 37,000, ಎರಡು ವರ್ಷದ ಮೇಲೆ 42,000. ಆದರೆ ರಜೆ ಕೇಳಲು ಗೈಡ್ ಕೋಣೆಯ ಬಾಗಿಲು ತಟ್ಟಬೇಕಾದವಳು ನೀನೇ. ಸೇರುವ ಮೊದಲು ಆ ಲ್ಯಾಬಿನಿಂದ ಹೊರಗೆ ಬಂದ ಒಬ್ಬ ಹುಡುಗಿಯನ್ನು ಹುಡುಕಿ ಮಾತಾಡು. ಒಳಗಿರುವವಳು ನಿಜ ಹೇಳಲಾರಳು.

ಮತ್ತೆ, ಅಮ್ಮನಿಗೆ ಲೆಕ್ಚರರ್ ಅಂತ ಹೇಳಿದ್ದೀಯಲ್ಲ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಂ.ಟೆಕ್ ಮೇಲೆ ಅಸಿಸ್ಟೆಂಟ್ ಪ್ರೊಫೆಸರ್ ಆಗಬಹುದು, ಅಸೋಸಿಯೇಟ್ ಆಗಬೇಕಾದರೆ ಪಿಎಚ್‌.ಡಿ ಬೇಕೇ ಬೇಕು. ಬೇಗ ಮನೆಗೆ ಬರುತ್ತೇವೆ ಅನ್ನುವುದು ಮಾತ್ರ ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ಕಮಿಟಿ ಬರುವ ವರ್ಷ ಕೆಲಸ ಮಾಡದವರು ಹೇಳುವ ಮಾತು.

ಟೆಕ್ಸಾಸ್‌ನ_ಮೈಸೂರವಳು:

ನನ್ನದು ಎಲ್ಲಕ್ಕಿಂತ ಸಣ್ಣ ಕಾರಣ. ವೀಸಾ.

ಮೈಸೂರಿನಲ್ಲಿ ಬಿಇ, ಐದು ವರ್ಷ ಕೆಲಸ, ಮದುವೆ, ಎಚ್-4 ವೀಸಾದಲ್ಲಿ ಇಲ್ಲಿಗೆ. ಎಚ್-4 ಅಂದರೆ ಗಂಡನ ಕೆಲಸದ ವೀಸಾದ ಬಾಲ, ಕೆಲಸ ಮಾಡುವ ಹಾಗಿಲ್ಲ, ಓದಬಹುದು. (2015ರಿಂದ ಕೆಲವರಿಗೆ ಕೆಲಸದ ಪರವಾನಗಿ ಕೊಡುತ್ತಾರೆ, ಆದರೆ ಅದಕ್ಕೆ ಗಂಡನ ಗ್ರೀನ್ ಕಾರ್ಡ್ ಫೈಲು ಒಂದು ಹಂತ ದಾಟಿರಬೇಕು. ನಮ್ಮದು ದಾಟಿರಲಿಲ್ಲ.) ಫೋನ್ ಬಿಲ್ಲು, ಮನೆ ಬಾಡಿಗೆ, ಕಾರು, ಎಲ್ಲದರ ಮೇಲೂ ಅವರ ಹೆಸರು. ಸೋಶಿಯಲ್ ಸೆಕ್ಯುರಿಟಿ ನಂಬರ್ ಕೂಡ ಇಲ್ಲ. ಅವರು ಒಳ್ಳೆಯವರೇ, ದೂರು ಅದಲ್ಲ. ಬೆಳಿಗ್ಗೆ ಎಂಟಕ್ಕೆ ಅವರು ಹೋದ ಮೇಲೆ ಸಂಜೆ ಆರರವರೆಗೆ ಮಾತಾಡಿಸಲು ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಮೂರು ಥರದ ಚಟ್ನಿಪುಡಿ ಮಾಡಿ ಡಬ್ಬಿಗೆ ಹಾಕಿ ಲೇಬಲ್ ಅಂಟಿಸಿದ ದಿನ ಅನಿಸಿತು, ಸಾಕು ಅಂತ.

ಡೇಟಾ ಸೈನ್ಸ್ ಎಂಎಸ್ ಸೇರಿದೆ. ಮೊದಲ ಸೆಮಿಸ್ಟರ್ ಎಚ್-4ರಲ್ಲೇ. ಸ್ಟಾಟಿಸ್ಟಿಕ್ಸ್ ಪ್ರೊಫೆಸರ್ ಒಬ್ಬರು ಟೀಚಿಂಗ್ ಅಸಿಸ್ಟೆಂಟ್ ಆಗುತ್ತೀಯಾ ಅಂತ ಕರೆದು ಕೇಳಿದರು. ಇಲ್ಲ ಸರ್, ಸಂಬಳ ತಗೊಳ್ಳುವ ಹಾಗಿಲ್ಲ ಅಂದೆ. ಯಾಕೆ ಅಂತ ಅವರಿಗೆ ಅರ್ಥ ಮಾಡಿಸಲು ಹತ್ತು ನಿಮಿಷ ಬೇಕಾಯಿತು. ಮನೆಗೆ ಬಂದು ವೀಸಾವನ್ನು ಎಫ್-1ಕ್ಕೆ (ವಿದ್ಯಾರ್ಥಿ ವೀಸಾ) ಬದಲಾಯಿಸಲು ಅರ್ಜಿ ಹಾಕಿದೆ. ಎಫ್-1 ಆದರೆ ಕ್ಯಾಂಪಸ್‌ನಲ್ಲಿ ವಾರಕ್ಕೆ 20 ಗಂಟೆ ಕೆಲಸ, ಓದು ಮುಗಿದ ಮೇಲೆ 12 ತಿಂಗಳ ಓಪಿಟಿ (ಓದಿದ್ದಕ್ಕೆ ಸಂಬಂಧಿಸಿದ ಕೆಲಸದ ಪರವಾನಗಿ), ವಿಜ್ಞಾನ ತಂತ್ರಜ್ಞಾನದ ಡಿಗ್ರಿ ಆದ್ದರಿಂದ ಇನ್ನೂ 24 ತಿಂಗಳು. ಒಟ್ಟು ಮೂರು ವರ್ಷ ನನ್ನ ಹೆಸರಿನ ಕೆಲಸ.

ಇಲ್ಲಿ ನಮ್ಮ ಕನ್ನಡ ಕೂಟದಲ್ಲಿ ಗಣೇಶನ ಹಬ್ಬಕ್ಕೆ ಸೇರಿದಾಗ ಲೆಕ್ಕ ಹಾಕಿ ನೋಡಿ, ಎಂಎಸ್ ಮಾಡಿದ ಹೆಂಗಸರಲ್ಲಿ ಎಷ್ಟು ಜನ ಇದೇ ದಾರಿ. ಓದುವ ಹುಚ್ಚು ಇದ್ದವರೂ ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ನನ್ನ ಮೊದಲ ಪೇ ಸ್ಲಿಪ್ ಬಂದ ದಿನ ಅದನ್ನು ಪ್ರಿಂಟ್ ತೆಗೆದು ಮೈಸೂರಿಗೆ ವಾಟ್ಸಾಪ್ ಮಾಡಿದೆ. ನಮ್ಮಪ್ಪ ನೋಡಿದ್ದು ಮೊತ್ತವನ್ನಲ್ಲ. "ಹೆಸರು ಸರಿಯಾಗಿ ಬರೆದಿದ್ದಾರೆ" ಅಂದರು.

ಫೀಸು ಮಾತ್ರ ಅಮ್ಮಮ್ಮಾ. ಸಾಲ ತೀರಿಸಲು ಮೂರು ವರ್ಷ ಹಿಡಿಯಿತು.

ಕಡಲ_ಕರೆ:

ಎಲ್ಲರೂ ಡಿಗ್ರಿ ಮಾಡು ಅನ್ನುತ್ತಿದ್ದೀರಿ, ಮಾಡದವಳೂ ಒಬ್ಬಳು ಬರೆಯಲಿ. ಮಂಗಳೂರು, ಬಯೋಟೆಕ್ನಾಲಜಿ ಎಂಎಸ್ಸಿ, ಎರಡು ಮಕ್ಕಳು, ಏಳು ವರ್ಷ ಗ್ಯಾಪ್. ವಾಪಸ್ ಬರಲು ಪಿಎಚ್‌.ಡಿಯೇ ದಾರಿ ಅಂತ ಎಲ್ಲರೂ ಹೇಳಿದರು, ರೆಸ್ಯೂಮೆಯಲ್ಲಿ ಹೊಸ ತಾರೀಕು ಬೇಕಲ್ಲ. ನಾನು ಹಿಡಿದದ್ದು ಕೇಂದ್ರದ ವಿಜ್ಞಾನ ತಂತ್ರಜ್ಞಾನ ಇಲಾಖೆಯ ಮಹಿಳಾ ವಿಜ್ಞಾನಿ ಯೋಜನೆಯ ಪೇಟೆಂಟ್ ತರಬೇತಿ. ಒಂದು ವರ್ಷ, ಸ್ಟೈಪೆಂಡ್ ಸಮೇತ. ಅದೇ ಯೋಜನೆಯಲ್ಲಿ ಗ್ಯಾಪ್ ಆದವರಿಗೆ ಸಂಶೋಧನೆಗೆ ದುಡ್ಡು ಕೊಡುವ ಬೇರೆ ವಿಭಾಗವೂ ಇದೆ. ಈಗ ವೈಸ್-ಕಿರಣ್ ಅನ್ನುವ ಹೆಸರಿನಲ್ಲಿ ಹುಡುಕಿ. ನಾನು ಆಮೇಲೆ ಪೇಟೆಂಟ್ ಏಜೆಂಟ್ ಪರೀಕ್ಷೆ ಬರೆದು ಈಗ ಮನೆಯಿಂದಲೇ ಕೆಲಸ ಮಾಡುತ್ತೇನೆ. ನನಗೆ ಬೇಕಾಗಿದ್ದದ್ದು ಕೆಲಸ, ಡಿಗ್ರಿ ಅಲ್ಲ. ಗೊಂಬೆ, ನಿಮಗೆ ಯಾವುದು ಬೇಕು ನೋಡಿ.

ಲೇಔಟ್_ಲಕ್ಷ್ಮಿ:

ಒಂದು ಹೇಳುವುದು ಮರೆತೆ. ನಮ್ಮ ಎಲೆಕ್ಟ್ರಾನಿಕ್ಸ್‌ನಲ್ಲೇ ರಾಜೇಶ್ವರಿ ಚಟರ್ಜಿ ಇದ್ದರಲ್ಲ, ಹುಟ್ಟಿದ್ದು 1922ರಲ್ಲಿ. ಲೆಕ್ಕದಲ್ಲಿ ಎಂಎಸ್ಸಿ ಮಾಡಿ ಐಐಎಸ್‌ಸಿ ಸೇರಿ, ಸರ್ಕಾರದ ಸ್ಕಾಲರ್‌ಶಿಪ್‌ನಲ್ಲಿ 1947ರಲ್ಲಿ ಮಿಷಿಗನ್‌ಗೆ ಹೋದರು. ಪಿಎಚ್‌.ಡಿ ಮುಗಿಸಿ 1953ರಲ್ಲಿ ವಾಪಸ್ ಬಂದು ಇಲ್ಲೇ ಮೈಕ್ರೋವೇವ್, ಆಂಟೆನಾ ಪಾಠ ಮಾಡಿದರು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಹಳೆ ಮೈಸೂರಿನ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ನನಗೆ ಇದರಲ್ಲಿ ಹಿಡಿಸಿದ್ದು ಆ ಅಜ್ಜಿ. ಮನೆಯಲ್ಲಿ ಓದಿದ ಅಜ್ಜಿ ಇದ್ದರೆ ಯಾಕೆ ಅಂತ ಯಾರೂ ಕೇಳೋದಿಲ್ಲ. ನಮ್ಮ ನಿಮ್ಮ ಮನೆಯಲ್ಲಿ ಇಲ್ಲದ್ದಕ್ಕೇ ಮೂರು ಮೂರು ಉತ್ತರ ಹುಡುಕಬೇಕು.

ಚನ್ನಪಟ್ಟಣದ_ಗೊಂಬೆ:

ಎಲ್ಲರದ್ದೂ ಎರಡೆರಡು ಸಲ ಓದಿದೆ. ಧಾರವಾಡದ ಅಕ್ಕ, ನಿಮ್ಮ ಅವ್ವನ ಸಾಲು ಓದಿ ಆಫೀಸ್ ಬಾತ್‌ರೂಮಿಗೆ ಎದ್ದು ಹೋದೆ.

ಭಾನುವಾರ ಊರಿಗೆ ಹೋಗಿದ್ದೆ. ಅಪ್ಪ ರಾಮನಗರದ ಮಾರುಕಟ್ಟೆಗೆ ರೇಷ್ಮೆ ಗೂಡು ಹಾಕಿ ಬಂದು ಕೂತಿದ್ದರು, ರೇಟು ಚೆನ್ನಾಗಿ ಸಿಕ್ಕಿತ್ತು, ಅದಕ್ಕೇ ಅವತ್ತು ಕೇಳಿದೆ. ಅಮ್ಮನಿಗೆ ಲೆಕ್ಚರರ್ ಮಾತು ವಾಪಸ್ ತಗೊಂಡೆ. ಅದು ಸುಳ್ಳಮ್ಮ, ಆರು ವರ್ಷದಿಂದ ಬೇರೆಯವರು ಮಾಡಿದ್ದನ್ನು ನೋಡಿ ಸಾಕಾಗಿದೆ, ಒಂದು ವಸ್ತುವನ್ನು ನಾನೇ ಮಾಡಬೇಕು ಅಂದೆ. ಅಮ್ಮ ಅವರೆಕಾಯಿ ಸುಲಿಯುತ್ತಲೇ, "ಅದನ್ನೇ ಮೊದಲು ಹೇಳೋಕೆ ಏನಾಗಿತ್ತು" ಅಂದರು. ಅಪ್ಪ ಕೇಳಿದ್ದು ಒಂದೇ, ಎರಡು ವರ್ಷ ಆದ ಮೇಲೆ ತಮ್ಮನ ಫೀಸಿಗೆ ತೊಂದರೆ ಆಗಲ್ಲ ತಾನೇ ಅಂತ. ಆಗಲ್ಲ, ತೆಗೆದಿಟ್ಟಿದ್ದೇನೆ ಅಂದೆ. ಅತ್ತೆಗೆ ಇನ್ನೂ ಯಾರೂ ಹೇಳಿಲ್ಲ.

ಅರ್ಜಿ ಹಾಕಿದೆ, ನಾಲ್ಕು ಕಡೆ. ನೋಟಿಸ್ ಪೀರಿಯಡ್ 90 ದಿನ, ಅದೊಂದು ತಲೆನೋವು. ಲಕ್ಷ್ಮಕ್ಕ, ಹಾಸ್ಟೆಲ್ ರೂಮಿನಲ್ಲಿ ಇಂಡಕ್ಷನ್ ಸ್ಟವ್ ಬಿಡ್ತಾರಾ?

ಲೇಔಟ್_ಲಕ್ಷ್ಮಿ:

ಬಿಡಲ್ಲ. ಸಣ್ಣದು ತಗೋ, ಮಂಚದ ಕೆಳಗೆ ಹಿಡಿಸಬೇಕು.